ಕಾಯುವ ಆಟ

ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಬಳಿಕ, ಮೇಜಿನ ಮೇಲಣ ನೀರಿನ ಚೊಂಬಿಗೆ ಮೊಬೈಲನ್ನು ಒರಗಿಸಿಟ್ಟು, ಆ ದಿನದ ಪತ್ರಿಕೆಯಲ್ಲಿ ಓದದೆ ಉಳಿದ ಪುಟಗಳನ್ನು ತಿರುವಿಹಾಕುವುದು ಕೆಲವು ತಿಂಗಳುಗಳಿಂದ ನನ್ನ ಪರಿಪಾಠವಾಗಿದೆ. ಕಪ್ಪು ಪರದೆಯ ನಡುಮಧ್ಯದಲ್ಲಿ ಒಂದು ಪುಟ್ಟ ಬುರುಜು ನಿಂತಿರುತ್ತದೆ. ಅದರ ಗುಂಡು ಎಷ್ಟು ದೂರ ತಲುಪಬಲ್ಲುದೆಂಬುದನ್ನು ತೋರಿಸುವ ತೆಳುಗೆರೆಯ ವರ್ತುಲವೊಂದು ಅದನ್ನು ಸುತ್ತುವರಿದಿರುತ್ತದೆ. ಚೌಕ, ತ್ರಿಕೋನ ಮೊದಲಾದ ಬಣ್ಣದ ಆಕೃತಿಗಳು ನಾಲ್ಕೂ ದಿಕ್ಕಿನಿಂದ ತೆವಳುತ್ತ ಬಂದು, ಆ ಗೆರೆಯನ್ನು ದಾಟಿದೊಡನೆ ಸಿಡಿದು ಇಲ್ಲವಾಗುತ್ತವೆ. ಹತ್ತು ಅಲೆಗಳಿಗೊಮ್ಮೆ ದೈತ್ಯಾಕಾರದ ಶತ್ರುವೊಂದು ಮೆಲ್ಲಮೆಲ್ಲನೆ ಬರುತ್ತದೆ. ನಾನು ಪತ್ರಿಕೆಯಿಂದ ತಲೆಯೆತ್ತಿ ನೋಡುತ್ತೇನೆ. ಅದೂ ಅಳಿದ ಮೇಲೆ ಸಂಪಾದಕೀಯಕ್ಕೆ ಮರಳುತ್ತೇನೆ. ಹೀಗೆ ಕಾಲು ಗಂಟೆ ಕಳೆದರೂ ನನ್ನ ಬೆರಳು ಪರದೆಯನ್ನು ಮುಟ್ಟಿರುವುದಿಲ್ಲ. ಒಂದು ಇರುಳು ನೀರು ಕುಡಿಯಲೆಂದು ಎದ್ದುಬಂದ ಮಗಳು, “ಅಪ್ಪಾ, ನೀವು ಆಡ್ತಾ ಇದ್ದೀರೋ, ಪೇಪರ್ ಓದ್ತಾ ಇದ್ದೀರೋ?” ಎಂದು ಕೇಳಿದಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಉತ್ತರವನ್ನು ಅರಸಿ ಹೊರಟಾಗ ತಿಳಿದುಬಂದುದೇನೆಂದರೆ, ಆಟಗಳನ್ನು ರಚಿಸುವವರೂ ಆಟಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸುವವರೂ ಸುಮಾರು ಎರಡು ದಶಕಗಳಿಂದ ಇದೇ ಪ್ರಶ್ನೆಯನ್ನು ಹಿಡಿದು ಚರ್ಚಿಸುತ್ತ ಬಂದಿದ್ದಾರೆ: ಆಡುವವನು ಸುಮ್ಮನಿದ್ದರೂ ತಾನಾಗಿ ಸಾಗುವ ಆಟವು ಆಟವೆ?

ಒಂದು ಧಾತು, ಎರಡು ಅರ್ಥ

ಈ ಜಾತಿಯ ಆಟಕ್ಕೆ ‘ಐಡಲ್ ಟವರ್ ಡಿಫೆನ್ಸ್’ ಎಂಬ ಹೆಸರು ಲೋಕರೂಢಿಯಾಗಿದೆ. ‘ಐಡಲ್’ ಎಂಬಲ್ಲಿ ಸುಮ್ಮನೆ ಕುಳಿತಿರುವುದೂ, ‘ಡಿಫೆನ್ಸ್’ ಎಂಬಲ್ಲಿ ಎಚ್ಚರವಾಗಿದ್ದು ರಕ್ಷಿಸುವುದೂ ಸೂಚಿತವಾಗಿರುವುದರಿಂದ, ಇಂಗ್ಲಿಷ್ ಭಾಷೆಯನ್ನಾಡುವವರ ಕಿವಿಗೆ ಈ ಹೆಸರಿನೊಳಗೇ ಒಂದು ವಿರೋಧ ಕೇಳಿಸುವುದು ಸಹಜ. ನಮ್ಮ ಕನ್ನಡದಲ್ಲಾದರೋ ಆ ವಿರೋಧ ಹುಟ್ಟುವುದೇ ಇಲ್ಲ. ಬಸ್ಸಿಗಾಗಿ ಕಾಯುವವನಿಗೂ, ದನ ಕಾಯುವವನಿಗೂ, ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುವವನಿಗೂ ನಮ್ಮಲ್ಲಿ ಇರುವುದು ಒಂದೇ ಕ್ರಿಯಾಪದ. ನಿರೀಕ್ಷಿಸುವುದೂ ರಕ್ಷಿಸುವುದೂ ‘ಕಾಯು’ ಎಂಬ ಒಂದೇ ಮಾತಿನಲ್ಲಿ ನೆಲೆಸಿರುವ ಭಾಷೆಯವರಿಗೆ, ಈ ಚರ್ಚೆಯನ್ನು ಬೇರೊಂದು ಬದಿಯಿಂದ ಪ್ರವೇಶಿಸುವ ಅನುಕೂಲವಿದೆಯೆಂದು ನಾನು ಬಲವಾಗಿ ನಂಬಿದ್ದೇನೆ. ಆ ಮಾತಿಗೆ ಬರುವ ಮುನ್ನ ಆಟದ ಪೂರ್ವೋತ್ತರವನ್ನು ಅರಿಯುವುದು ಯುಕ್ತ.

ಬುರುಜಿನ ವಂಶಾವಳಿ

ಎರಡು ಬೇರೆ ಬೇರೆ ವಂಶಗಳ ಸಮಾಗಮದಿಂದ ಹುಟ್ಟಿದ ಆಟವಿದು. ಮೊದಲನೆಯದು ಬುರುಜಿನ ವಂಶ. 1990ರಲ್ಲಿ ಅಟಾರಿ ಗೇಮ್ಸ್ ಸಂಸ್ಥೆಯು ಹೊರತಂದ ‘ರ‍್ಯಾಂಪಾರ್ಟ್’ ಎಂಬ ಆಟದಲ್ಲಿ, ಗೋಡೆಯನ್ನು ಕಟ್ಟಿ ಕೋಟೆಯನ್ನು ಸುತ್ತುವರಿಸುವುದು, ಫಿರಂಗಿಗಳನ್ನಿಡುವುದು, ದಾಳಿಯಾದ ಬಳಿಕ ಒಡೆದುದನ್ನು ಮತ್ತೆ ಕಟ್ಟುವುದು ಎಂಬ ಕ್ರಮ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡುಬರುತ್ತದೆ. ಅನಂತರದಲ್ಲಿ ‘ಸ್ಟಾರ್‌ಕ್ರಾಫ್ಟ್’ (1998) ಮತ್ತು ‘ವಾರ್‌ಕ್ರಾಫ್ಟ್ 3’ (2002) ಎಂಬ ಯುದ್ಧದಾಟಗಳ ಜೊತೆಗೆ ರಣಭೂಮಿಯನ್ನು ತಾವೇ ರಚಿಸಿಕೊಳ್ಳುವ ಸಲಕರಣೆಯನ್ನೂ ಕೊಡಲಾಗಿದ್ದುದರಿಂದ, ಹವ್ಯಾಸಿಗಳು ಸೈನ್ಯ ನಡೆಸುವ ಗೊಡವೆಯನ್ನೆಲ್ಲ ಬದಿಗೊತ್ತಿ, ಕೇವಲ ಬುರುಜು ಕಟ್ಟಿ ಶತ್ರುವಿನ ಅಲೆಗಳನ್ನು ತಡೆಯುವ ಭೂಪಟಗಳನ್ನು ಸೃಷ್ಟಿಸಿದರು. ಈ ಆಟದ ವ್ಯಾಕರಣ ಬೆಳೆದದ್ದು ವ್ಯಾಪಾರಿಗಳ ಕಾರ್ಖಾನೆಯಲ್ಲಲ್ಲ, ಹವ್ಯಾಸಿಗಳ ಬಿಡುವಿನಲ್ಲಿ ಎಂಬುದು ನೆನಪಿಡತಕ್ಕ ಸಂಗತಿ.

2007ರಲ್ಲಿ ಡೇವಿಡ್ ಸ್ಕಾಟನ ‘ಫ್ಲ್ಯಾಶ್ ಎಲಿಮೆಂಟ್ ಟಿಡಿ’ ಮತ್ತು ಪಾಲ್ ಪ್ರೀಸನ ‘ಡೆಸ್ಕ್‌ಟಾಪ್ ಟವರ್ ಡಿಫೆನ್ಸ್’ ಅಂತರಜಾಲದಲ್ಲಿ ಜನಪ್ರಿಯವಾದುವು. ಎರಡನೆಯದರಲ್ಲಿ ಬುರುಜುಗಳೇ ಗೋಡೆಗಳಾಗಿ, ಶತ್ರುವು ಸುತ್ತಿ ಸುತ್ತಿ ಬಳಲುವಂಥ ಚಕ್ರವ್ಯೂಹವನ್ನು ಆಟಗಾರನು ತಾನೇ ಹೆಣೆಯಬೇಕಾಗಿತ್ತು. 2008ರಲ್ಲಿ ಐಫೋನಿಗೆ ‘ಫೀಲ್ಡ್‌ರನ್ನರ್ಸ್’ ಬಂತು. 2011ರಲ್ಲಿ ಉರುಗ್ವೆ ದೇಶದ ಐರನ್‌ಹೈಡ್ ಎಂಬ ಚಿಕ್ಕ ತಂಡ ‘ಕಿಂಗ್‌ಡಮ್ ರಶ್’ ರಚಿಸಿತು. ಇವೆರಡರ ನಡುವೆ, 2009ರಲ್ಲಿ, ಜಾರ್ಜ್ ಫ್ಯಾನ್ ಕಲ್ಪಿಸಿ ಪಾಪ್‌ಕ್ಯಾಪ್ ಸಂಸ್ಥೆ ಪ್ರಕಟಿಸಿದ ‘ಪ್ಲಾಂಟ್ಸ್ ವರ್ಸಸ್ ಜಾಂಬೀಸ್’ ನಮ್ಮ ವಿಷಯಕ್ಕೆ ವಿಶೇಷವಾಗಿ ಪ್ರಸ್ತುತ. ಅಲ್ಲಿ ಮನೆಯ ಅಂಗಳವೇ ರಣರಂಗ, ಗಿಡಗಳೇ ಸೈನಿಕರು. ಗುಂಡು ಹಾರಿಸುವ ಗಿಡವನ್ನು ನೆಡುವ ಮೊದಲು ಸೂರ್ಯಕಾಂತಿಯನ್ನು ನೆಟ್ಟು, ಅದು ಬಿಸಿಲನ್ನು ಸಂಪಾದಿಸಿಕೊಡುವ ತನಕ ತಾಳಿಕೊಂಡಿರಬೇಕು. ಆತುರದಿಂದ ಮೊದಲೇ ಅಸ್ತ್ರಗಳಿಗೆ ಕೈಹಾಕಿದವನು ಕೊನೆಯ ಅಲೆಯಲ್ಲಿ ಸೋಲುತ್ತಾನೆ. ರಕ್ಷಣೆಯ ಆಟದೊಳಕ್ಕೆ ಬೇಸಾಯದ ತಾಳ್ಮೆ ಪ್ರವೇಶಿಸಿದ್ದು ಇಲ್ಲಿ.

ಕೈಬಿಟ್ಟ ಆಟದ ಉಗಮ

ಎರಡನೆಯ ವಂಶದ ಮೂಲಪುರುಷನು ಹುಟ್ಟಿದ್ದು ವಿಡಂಬನೆಯಾಗಿ. 2002ರಲ್ಲಿ ಎರಿಕ್ ಫ್ರೆಡ್ರಿಕ್ಸನ್ ರಚಿಸಿದ ‘ಪ್ರೋಗ್ರೆಸ್ ಕ್ವೆಸ್ಟ್’ನಲ್ಲಿ ಆಟಗಾರನು ತನ್ನ ವೀರನಿಗೆ ಒಂದು ಹೆಸರನ್ನೂ ಕುಲವನ್ನೂ ಕೊಟ್ಟರೆ ಮುಗಿಯಿತು, ಮುಂದೆ ಆ ವೀರನು ರಾಕ್ಷಸರನ್ನು ಕೊಲ್ಲುವುದೂ, ಕೊಳ್ಳೆಯನ್ನು ಮಾರುವುದೂ, ಮೇಲಿನ ಹಂತಕ್ಕೇರುವುದೂ ಎಲ್ಲವೂ ತಾನಾಗಿಯೇ ನಡೆಯುತ್ತ, ಪರದೆಯ ಮೇಲೆ ಕೆಲವು ಪಟ್ಟಿಗಳು ತುಂಬುತ್ತ ಹೋಗುತ್ತವೆ. 2010ರಲ್ಲಿ ಇಯಾನ್ ಬೊಗೊಸ್ಟ್ ಎಂಬ ವಿಮರ್ಶಕನು, ಅಂದಿನ ಫೇಸ್‌ಬುಕ್ ಆಟಗಳ ನಿಸ್ಸಾರತೆಯನ್ನು ಬಯಲಿಗೆಳೆಯುವ ಉದ್ದೇಶದಿಂದ ‘ಕೌ ಕ್ಲಿಕರ್’ ರಚಿಸಿದನು. ಆರು ಗಂಟೆಗೊಮ್ಮೆ ಒಂದು ಹಸುವನ್ನು ಒತ್ತುವುದು, ಒತ್ತಿದ್ದಕ್ಕೆ ಒಂದು ಅಂಕ ಪಡೆಯುವುದು. ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿರಲಿಲ್ಲ. ಆದರೆ ಜನರು ಅದನ್ನು ಮನಃಪೂರ್ವಕವಾಗಿಯೇ ಆಡತೊಡಗಿದರು. 2011ರಲ್ಲಿ ಬೊಗೊಸ್ಟ್ ಹಸುಗಳನ್ನೆಲ್ಲ ಅದೃಶ್ಯಗೊಳಿಸಿದ ಮೇಲೂ, ಹಸು ನಿಂತಿದ್ದ ಬರಿದಾದ ಜಾಗವನ್ನು ಒತ್ತುತ್ತಲೇ ಇದ್ದವರಿದ್ದರು. ಈ ಒಂದು ಘಟನೆಯನ್ನು ಯಾವ ಸಿದ್ಧಾಂತ ಹೇಗೆ ವಿವರಿಸುತ್ತದೆಂಬುದರಿಂದಲೇ ಆ ಸಿದ್ಧಾಂತದ ಬಲಾಬಲವನ್ನು ಅಳೆಯಬಹುದೆಂದು ನನಗೆ ತೋರುತ್ತದೆ.

2013ರ ಆಗಸ್ಟಿನಲ್ಲಿ ಫ್ರಾನ್ಸಿನ ಜೂಲಿಯೆನ್ ತಿಯೆನೊ ಪ್ರಕಟಿಸಿದ ‘ಕುಕೀ ಕ್ಲಿಕರ್’ನಿಂದ ವಿಡಂಬನೆಯ ಕಾಲ ಮುಗಿದು ಪ್ರಕಾರದ ಕಾಲ ಆರಂಭವಾಯಿತು. ಅದರ ಗಣಿತ ಸರಳವಾದುದು, ಆದರೆ ಗಂಭೀರವಾದುದು. ಬಿಸ್ಕತ್ತು ಮಾಡಿಕೊಡುವ ಯಂತ್ರವೊಂದನ್ನು ಕೊಂಡಾಗಲೆಲ್ಲ ಅಂಥದೇ ಮುಂದಿನ ಯಂತ್ರದ ಬೆಲೆ ನೂರಕ್ಕೆ 15ರಷ್ಟು ಏರುತ್ತದೆ. ಐದು ಸಲ ಕೊಳ್ಳುವಷ್ಟರಲ್ಲಿ ಬೆಲೆ ಇಮ್ಮಡಿ. ಐವತ್ತು ಸಲ ಕೊಂಡರೆ ಸಾವಿರ ಮಡಿಯನ್ನೂ ಮೀರುತ್ತದೆ. ಆದರೆ ಉತ್ಪನ್ನ ಮಾತ್ರ ಒಂದು ಯಂತ್ರಕ್ಕೆ ಒಂದು ಯಂತ್ರದಷ್ಟೇ ಹೆಚ್ಚುತ್ತದೆ. ಏಣಿಯಂತೆ ಏರುವ ಆದಾಯವೂ ಪರ್ವತದಂತೆ ಏರುವ ವೆಚ್ಚವೂ ಎಂದಾದರೂ ಒಂದು ದಿನ ಅಗಲಲೇಬೇಕು. ಆ ಅಂತರವನ್ನು ತುಂಬಬಲ್ಲುದು ಕಾಲವೊಂದೇ. ಹೀಗೆ ನಿರೀಕ್ಷಣೆಯು ಈ ಆಟಗಳ ಸಮೀಕರಣದೊಳಗೇ ಹಾಸುಹೊಕ್ಕಾಗಿದೆ.

ಈ ಎರಡು ವಂಶಗಳೂ ಕೂಡಿದ ಆಟಗಳಲ್ಲಿ ನಾನು ಬಲ್ಲುದು ಟೆಕ್ ಟ್ರೀ ಗೇಮ್ಸ್ ಎಂಬ ಸಂಸ್ಥೆಯ ‘ದಿ ಟವರ್’. ಬುರುಜು ಒಂದೇ, ದಾರಿಯಿಲ್ಲ, ಚಕ್ರವ್ಯೂಹವಿಲ್ಲ. ಕಾಳಗದಲ್ಲಿ ದೊರೆಯುವ ನಗದು ಆ ಕಾಳಗದೊಡನೆಯೇ ಕೊನೆಗಾಣುತ್ತದೆ. ನಾಣ್ಯಗಳು ಮಾತ್ರ ಬುರುಜು ಬಿದ್ದ ಮೇಲೂ ಉಳಿದು, ಕಾರ್ಯಾಗಾರದಲ್ಲಿ ಶಾಶ್ವತವಾದ ಬಲವರ್ಧನೆಗೆ ಸಲ್ಲುತ್ತವೆ. ಇವಲ್ಲದೆ ಪ್ರಯೋಗಾಲಯಗಳಿವೆ, ಅಲ್ಲಿ ಆರಂಭಿಸಿದ ಸಂಶೋಧನೆಯು, ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ನಾವು ಕಚೇರಿಗೆ ಹೋದರೂ, ಗಡಿಯಾರದ ಕಾಲಕ್ಕನುಸಾರವಾಗಿ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುತ್ತದೆ. ಬುರುಜು ಕೊನೆಗೆ ಬೀಳಲೇಬೇಕು. ಬಿದ್ದ ಪ್ರತಿಯೊಂದು ಸಲವೂ ಮುಂದಿನ ಸಲ ಇನ್ನಷ್ಟು ಹೊತ್ತು ನಿಲ್ಲುವುದಕ್ಕೆ ಬೇಕಾದುದನ್ನು ಅದು ಬಿಟ್ಟುಹೋಗುತ್ತದೆ.

ಲಕ್ಷಣಕಾರರ ಆಕ್ಷೇಪ

ಇದು ಆಟವೇ ಅಲ್ಲವೆನ್ನುವವರ ಪಕ್ಷ ದುರ್ಬಲವಾದುದಲ್ಲ. ಡಚ್ ಇತಿಹಾಸಕಾರ ಯೊಹಾನ್ ಹಾಯ್ಜಿಂಗಾ 1938ರ ‘ಹೋಮೊ ಲೂಡೆನ್ಸ್’ ಗ್ರಂಥದಲ್ಲಿ, ಆಟವು ನಿತ್ಯಜೀವನದಿಂದ ಬೇರ್ಪಟ್ಟು ತನ್ನದೇ ಆದ ದೇಶಕಾಲಗಳ ಎಲ್ಲೆಯೊಳಗೆ ನಡೆಯತಕ್ಕ ಸ್ವತಂತ್ರ ವ್ಯಾಪಾರವೆಂದು ಪ್ರತಿಪಾದಿಸಿದನು. 1978ರಲ್ಲಿ, ಕೆನಡದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕನಾಗಿದ್ದ ಬರ್ನಾರ್ಡ್ ಸೂಟ್ಸ್, ಅನಗತ್ಯವಾದ ಅಡಚಣೆಗಳನ್ನು ತಾನಾಗಿಯೇ ಒಪ್ಪಿಕೊಂಡು ಗೆಲ್ಲಲೆಳಸುವುದೇ ಆಟವೆಂದು ನಿರೂಪಿಸಿದನು. ಈ ಒರೆಗಲ್ಲುಗಳಿಗೆ ಹಚ್ಚಿ ನೋಡಿದರೆ, ಜೇಬಿನಲ್ಲಿ ಕುಳಿತು ನಿತ್ಯಜೀವನದೊಡನೆ ಬೆರೆತೇ ನಡೆಯುವ, ಅಡಚಣೆಯನ್ನು ಯಂತ್ರವೇ ಎದುರಿಸುವ ಈ ಬುರುಜಿನ ಕಾಳಗಕ್ಕೆ ಆಟವೆಂಬ ಹೆಸರು ಹೇಗೆ ಸಲ್ಲಬೇಕು?

ಆಕ್ಷೇಪದ ಮೊದಲರ್ಧವನ್ನು ನಾನು ಒಪ್ಪುತ್ತೇನೆ; ಎಲ್ಲೆ ಇಲ್ಲಿ ಮಸುಳಿದೆ. ಉತ್ತರಾರ್ಧದಲ್ಲಿ ಒಂದು ಅವಸರವಿದೆ. ಗುರಿಯಿಟ್ಟು ಹೊಡೆಯುವ ಶ್ರಮ ಯಂತ್ರದ್ದಾದರೂ, ಮುಂದಿನ ನಾಣ್ಯವನ್ನು ಹೊಡೆತದ ಬಲಕ್ಕೆ ಸುರಿಯಬೇಕೋ, ಗೋಡೆಯ ಆಯುಷ್ಯಕ್ಕೋ, ನಾಣ್ಯದ ಗಳಿಕೆಯನ್ನೇ ಹೆಚ್ಚಿಸುವ ಉಪಾಯಕ್ಕೋ ಎಂಬ ಆಲೋಚನೆ ನನ್ನದೇ ಆಗಿದೆ. ಮೂರು ವಾರಗಳ ಕಾಲ ಹೊಡೆತದ ಬಲವನ್ನೇ ನೆಚ್ಚಿ, ಗಳಿಕೆಯನ್ನು ಅಲಕ್ಷಿಸಿದ್ದರಿಂದ ಒಂದೇ ಹಂತದಲ್ಲಿ ನಿಂತುಹೋದುದನ್ನು ನಾನು ಅನುಭವದಿಂದ ಬಲ್ಲೆ. ಅಡಚಣೆ ಅಲ್ಲಿದ್ದೇ ಇದೆ. ಅದು ಬೆರಳಿನ ಕ್ಷಣದಿಂದ ವಿವೇಚನೆಯ ವಾರಕ್ಕೆ ಸ್ಥಳಾಂತರ ಹೊಂದಿದೆ, ಅಷ್ಟೆ.

ಪಾರಿವಾಳದ ಪಾಠ

ಎರಡನೆಯ ಪಂಥದವರು ಆಟದ ಲಕ್ಷಣವನ್ನು ಬಿಟ್ಟು ಆಡುವವನ ಮನಸ್ಸನ್ನು ಪರೀಕ್ಷಿಸುತ್ತಾರೆ. ಇವರ ಆಧಾರಗ್ರಂಥ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ, ಪಾರಿವಾಳಗಳಿಗೆ ಕಾಳು ಕೊಡುವ ಕ್ರಮವನ್ನು ಬದಲಿಸಿ ಅವುಗಳ ಕುಕ್ಕುವಿಕೆಯನ್ನು ಅಳೆದ ಸಂಶೋಧನೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂಬುದು ಅನಿಶ್ಚಿತವಾಗಿದ್ದಾಗ ಹಕ್ಕಿ ಬಿಡದೆ ಕುಕ್ಕುತ್ತದೆ. ನಿಯತವಾದ ಕಾಲ ಕಳೆದ ಮೇಲೆಯೇ ಕಾಳು ಬೀಳುವುದಾದರೆ, ಕಾಳು ತಿಂದ ಬಳಿಕ ಸುಮ್ಮನಿದ್ದು, ಹೊತ್ತು ಸಮೀಪಿಸಿದಂತೆ ಹೆಚ್ಚುಹೆಚ್ಚಾಗಿ ಕುಕ್ಕತೊಡಗುತ್ತದೆ. ಬುರುಜಿನ ಆಟದ ಪ್ರಯೋಗಾಲಯದಲ್ಲಿ ಸಂಶೋಧನೆ ಮುಗಿಯಲು ಹತ್ತು ನಿಮಿಷವಿರುವಾಗ ನಾನು ಮೂರು ಬಾರಿ ಜೇಬಿನಿಂದ ಮೊಬೈಲು ತೆಗೆದುದನ್ನು ನೆನೆದರೆ, ಈ ಎರಡನೆಯ ಹಕ್ಕಿಯ ವರ್ತನೆ ನನ್ನದಕ್ಕಿಂತ ಬೇರೆಯಲ್ಲವೆಂದು ಒಪ್ಪಬೇಕಾಗುತ್ತದೆ. ಆಟದೊಳಗೆ ದೊರೆಯುವ ರತ್ನಗಳನ್ನು ವ್ಯಯಿಸಿ, ಯಾವುದು ಬರುವುದೋ ತಿಳಿಯದೆ ಚೀಟಿಗಳನ್ನು ತೆರೆಯುವ ಭಾಗಕ್ಕೆ ಮೊದಲನೆಯ ಹಕ್ಕಿಯ ಪಾಠ ಅನ್ವಯಿಸುತ್ತದೆ. ಲಾಸ್ ವೇಗಾಸ್‌ನ ಜೂಜುಯಂತ್ರಗಳ ಮುಂದೆ ಕುಳಿತವರನ್ನು ಅಭ್ಯಸಿಸಿ ನತಾಶಾ ಡೌ ಶುಲ್ 2012ರಲ್ಲಿ ಬರೆದ ‘ಅಡಿಕ್ಷನ್ ಬೈ ಡಿಸೈನ್’ ಎಂಬ ಗ್ರಂಥವು, ಗೆಲ್ಲುವುದಕ್ಕಿಂತಲೂ ಆಟದಲ್ಲಿಯೇ ಮುಳುಗಿರುವುದು ಆ ಜೂಜುಕೋರರಿಗೆ ಮುಖ್ಯವೆಂಬುದನ್ನು ಮನಗಾಣಿಸುತ್ತದೆ.

ಆದರೂ ಈ ಪಂಥ ವಿವರಿಸಲಾರದ ಒಂದು ಅಂಶವಿದೆ. ಬುರುಜಿನ ಆಟದ ಮುಖ್ಯ ಫಲ ಅನಿಶ್ಚಿತವಾದುದಲ್ಲ. ಎಷ್ಟು ನಾಣ್ಯಕ್ಕೆ ಎಷ್ಟು ಬಲ, ಯಾವ ಅಲೆಯಲ್ಲಿ ಬೀಳಬಹುದು ಎಂಬುದನ್ನು ಸ್ವಲ್ಪ ಗುಣಾಕಾರ ಬಲ್ಲವರು ಮೊದಲೇ ಹೇಳಬಹುದು. ಜೂಜುಯಂತ್ರದ ಮುಂದೆ ಕುಳಿತವನು ಹೊರಜಗತ್ತನ್ನು ಮರೆಯುತ್ತಾನೆ. ಬುರುಜಿನ ಮುಂದೆ ಕುಳಿತವನು ಪತ್ರಿಕೆ ಓದುತ್ತಾನೆ. ಬರಿದಾದ ಜಾಗವನ್ನು ಒತ್ತುತ್ತಿದ್ದವರನ್ನು ಪಾರಿವಾಳಕ್ಕೆ ಹೋಲಿಸಬಹುದು, ನಿಜ. ಆದರೆ ಕಾಳು ಬೀಳುವುದಿಲ್ಲವೆಂದು ಚೆನ್ನಾಗಿ ತಿಳಿದೂ ಕುಕ್ಕುವ ಹಕ್ಕಿಗೆ ಬೇರೊಂದು ವಿವರಣೆ ಬೇಕಾಗುತ್ತದೆ.

ಅನ್ಯರ ಕೈಯಿಂದ ಆಡುವ ಸುಖ

ಮೂರನೆಯ ಪಂಥಕ್ಕೆ ದಾರಿ ತೋರಿದವನು ಆಸ್ಟ್ರಿಯದ ದಾರ್ಶನಿಕ ರಾಬರ್ಟ್ ಪ್ಫಾಲರ್. ನಾವು ಕೆಲಸವನ್ನು ಪರರಿಗೆ ವಹಿಸಿಕೊಡುವಂತೆಯೇ ಸುಖವನ್ನೂ ವಹಿಸಿಕೊಡುತ್ತೇವೆ, ಮುಂದೆಂದೂ ನೋಡದ ಚಲನಚಿತ್ರವನ್ನು ಮುದ್ರಿಸಿಟ್ಟುಕೊಂಡು ತೃಪ್ತರಾಗುತ್ತೇವೆ ಎಂಬುದು ಅವನ ಮತದ ಸಾರ. ಇದನ್ನು ತಾನೇ ಸಾಗುವ ಆಟಗಳಿಗೆ ಅನ್ವಯಿಸಿದವರಲ್ಲಿ ಸೋನಿಯಾ ಫಿಜೆಕ್ ಪ್ರಮುಖಳು. ಯಂತ್ರ ನಮ್ಮ ಪರವಾಗಿ ಆಡುತ್ತದೆ, ನಾವು ಅದರ ಆಟದಿಂದ ದೂರವಿದ್ದೇ ಹಿಗ್ಗುತ್ತೇವೆ ಎಂಬುದು ಈ ಪಂಥದ ನಿಲುವು.

ಕನ್ನಡಿಗರಿಗೆ, ಅದರಲ್ಲಿಯೂ ಕರಾವಳಿಯವರಿಗೆ, ಇದು ಅಪೂರ್ವವಾದ ವಿಚಾರವೇನೂ ಅಲ್ಲ. ಅಲ್ಲಿ ‘ಆಟ’ವೆಂದರೆ ಯಕ್ಷಗಾನ, ‘ಆಟಕ್ಕೆ ಹೋಗಿದ್ದೆ’ ಎಂದವನು ಗದ್ದೆಯ ಬಯಲಿನಲ್ಲಿ ಕುಳಿತು ಬೆಳಗಿನ ತನಕ ನೋಡಿದವನೇ ಹೊರತು ಗೆಜ್ಜೆ ಕಟ್ಟಿ ಕುಣಿದವನಲ್ಲ. ನಡುವೆ ತೂಕಡಿಸಿ, ಚೆಂಡೆಯ ಪೆಟ್ಟಿಗೆ ಎಚ್ಚೆತ್ತರೂ ಅವನು ಆಟದೊಳಗೇ ಇದ್ದವನು. ಆಡುವುದನ್ನೂ ನೋಡುವುದನ್ನೂ ಒಂದೇ ಹೆಸರಿನ ಕೆಳಗೆ ಸೇರಿಸುವ ಈ ಬಳಕೆಯಿಂದ ಫಿಜೆಕಳ ಪಂಥಕ್ಕೆ ಪುಷ್ಟಿ ದೊರೆಯುತ್ತದೆ. ಆದರೆ ಪ್ರೇಕ್ಷಕನು ಪ್ರಸಂಗದ ಗತಿಯನ್ನು ಬದಲಿಸಲಾರ, ನಾನು ಬದಲಿಸಬಲ್ಲೆ. ಆದುದರಿಂದ ಈ ವಿವರಣೆಯೂ ಮುಕ್ಕಾಲು ದಾರಿಗೆ ನಿಲ್ಲುತ್ತದೆ.

ಬೆದರುಬೊಂಬೆ

ಉಳಿದ ಕಾಲು ದಾರಿಯನ್ನು ಕ್ರಮಿಸುವುದಕ್ಕೆ ‘ಕಾಯು’ ಎಂಬ ನಮ್ಮ ಧಾತು ನೆರವಾಗುತ್ತದೆಂಬುದು ನನ್ನ ಅಭಿಮತ. ಕಾಳು ಕಟ್ಟಿದ ಜೋಳದ ಹೊಲಕ್ಕೆ ಹಕ್ಕಿಗಳು ಎರಗತೊಡಗಿದಾಗ ರೈತನು ಮಾಡುವುದೇನು? ಹಗಲೆಲ್ಲ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವುದೊಂದು. ಎರಡು ಕೋಲು ಕಟ್ಟಿ ಹಳೆಯ ಅಂಗಿ ತೊಡಿಸಿ, ಮಡಕೆಯ ತಲೆಗೆ ಸುಣ್ಣದ ಕಣ್ಣು ಬರೆದು ಬೆದರುಬೊಂಬೆ ನಿಲ್ಲಿಸುವುದು, ಗಾಳಿಗೆ ತಾನೇ ಬಡಿದುಕೊಳ್ಳುವಂತೆ ತಗಡಿನ ಡಬ್ಬವನ್ನು ಹಗ್ಗಕ್ಕೆ ಕಟ್ಟುವುದು ಇನ್ನೊಂದು. ಬೊಂಬೆ ನಿಲ್ಲಿಸಿ ಮನೆಗೆ ಬಂದು ಉಣ್ಣುತ್ತಿರುವವನನ್ನು ಹೊಲ ಕಾಯುತ್ತಿಲ್ಲವೆಂದು ಯಾರೂ ಹೇಳರು. ಬೊಂಬೆಯ ಅಂಗಿ ಹರಿದಿದೆಯೆ, ಹಕ್ಕಿಗೆ ಅದರ ಭಯ ತಪ್ಪಿದೆಯೆ, ಎಡೆ ಬದಲಿಸಬೇಕೆ ಎಂಬ ಚಿಂತೆ ಉಣ್ಣುವಾಗಲೂ ಅವನ ಮನಸ್ಸಿನ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಆ ಮೂಲೆಯ ಚಿಂತೆಯೇ ಕಾವಲು.

ಬುರುಜಿನ ಆಟದಲ್ಲಿ ನಡೆಯುವುದೂ ಇದೇ. ಕಾಳಗದ ಆಟವೆಂದು ಅಳೆದರೆ ಅದು ಊನವಾದ ಆಟ. ಕೈಗೆ ಕೆಲಸವಿಲ್ಲ, ಕಣ್ಣಿಗೆ ಅಪಾಯವಿಲ್ಲ. ಪಾಲನೆಯ ಆಟವೆಂದು ಅಳೆದರೆ ಅದರ ಅಂಗಗಳೆಲ್ಲ ಕೂಡಿಬರುತ್ತವೆ: ನೆಟ್ಟು ಬಿಡುವುದು, ಬಿಟ್ಟು ನೋಡುವುದು, ಬಿದ್ದುದರಿಂದ ಕಲಿಯುವುದು, ಮತ್ತೆ ನೆಡುವುದು. ಹಸುಗಳು ಮಾಯವಾದ ಮೇಲೂ ಆ ಜಾಗವನ್ನು ಒತ್ತುತ್ತಿದ್ದವರು, ಕಾಳಿನ ಆಸೆಗೆ ಒತ್ತುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಆರು ಗಂಟೆಗೊಮ್ಮೆ ಹಟ್ಟಿಗೆ ಹೋಗಿಬರುವ ರೂಢಿಯೇ ಅವರ ದಿನಕ್ಕೆ ಕಟ್ಟು ಹಾಕಿಕೊಟ್ಟಿತ್ತು, ಹಟ್ಟಿ ಬರಿದಾದ ಮೇಲೂ ಕಾಲು ಅತ್ತ ಎಳೆಯಿತು.

ಮಾರಾಟಕ್ಕಿಟ್ಟ ಕಾಲ

ನಾಲ್ಕನೆಯ ಪಂಥದವರು ಈ ಎಲ್ಲ ವಿಚಾರವನ್ನೂ ಬದಿಗಿಟ್ಟು ಹಣದ ಜಾಡು ಹಿಡಿಯುತ್ತಾರೆ, ಹಿಡಿಯುವುದು ನ್ಯಾಯವೂ ಆಗಿದೆ. 2009ರಲ್ಲಿ ಆಪಲ್ ಸಂಸ್ಥೆಯು ಆ್ಯಪಿನೊಳಗೇ ಹಣ ಕೊಟ್ಟು ಕೊಳ್ಳುವ ಏರ್ಪಾಟನ್ನು ಉಚಿತ ಆ್ಯಪ್‌ಗಳಿಗೂ ತೆರೆದಂದಿನಿಂದ, ಆಟವನ್ನು ಬಿಟ್ಟಿಯಾಗಿ ಕೊಟ್ಟು ಆಟದೊಳಗಿನ ಕಾಲವನ್ನು ಮಾರುವ ವ್ಯಾಪಾರ ಬೆಳೆಯಿತು. ಜಾಹೀರಾತನ್ನು ನೋಡಿದರೆ ಕೆಲವು ರತ್ನ. ರತ್ನ ಕೊಟ್ಟರೆ ಕಾಯುವ ಅವಧಿ ಮೊಟಕು. ಈ ಪಂಥದೊಡನೆ ನನಗೆ ಪೂರ್ಣ ಸಹಮತವಿದೆ, ಆದರೆ ಕಾರಣ ಬೇರೆ. ಕಾಯುವುದೇ ಆಟದ ಹುರುಳಾಗಿರುವಲ್ಲಿ ಕಾಯುವಿಕೆಯನ್ನು ಕಡಿದು ಮಾರುವವನು, ಪಗಡೆಯಾಡುವವನಿಗೆ ಹಾಸನ್ನೇ ಕತ್ತರಿಸಿ ಹಣ್ಣಾಗುವ ಮನೆಯನ್ನು ಹತ್ತಿರ ಮಾಡಿಕೊಟ್ಟಂತೆ ಮಾಡುತ್ತಾನೆ. ಕೊಂಡವನು ವಂಚಿತನಾಗುವುದು ದುಡ್ಡಿನಲ್ಲಿ ಮಾತ್ರವಲ್ಲ.

ಕಾನೂನು ಈ ಬಗೆಯ ನಷ್ಟವನ್ನು ಇನ್ನೂ ಗುರುತಿಸಿಲ್ಲ. 2018ರಲ್ಲಿ ಬೆಲ್ಜಿಯಂ ದೇಶದ ಜೂಜು ಆಯೋಗವು, ಒಳಗೇನಿದೆಯೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಪೆಟ್ಟಿಗೆಗಳು ಕೆಲವು ಆಟಗಳಲ್ಲಿ ಜೂಜೇ ಸರಿ ಎಂದು ಸಾರಿತು. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಅದರ ಮುಖ್ಯಾಂಶಗಳನ್ನು ರದ್ದುಪಡಿಸಿತು; 2025ರ ಆಗಸ್ಟಿನಲ್ಲಿ ಸಂಸತ್ತು ಹಣದಾಟಗಳನ್ನು ನಿಷೇಧಿಸುವ ಕಾಯಿದೆಯನ್ನೇ ಅಂಗೀಕರಿಸಿತು. ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯೇ ಅದರ ಒರೆಗಲ್ಲು. ಬುರುಜಿನ ಆಟದಲ್ಲಿ ಕಟ್ಟುವುದುಂಟು, ಹಣವಾಗಿ ಗೆಲ್ಲುವುದಿಲ್ಲ.

ತೀರದೆ ಉಳಿದ ಪ್ರಶ್ನೆಗಳು

ಅತಿಯಾದ ಆಟವನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ, ಹತೋಟಿ ತಪ್ಪುವುದು, ಇತರ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾದರೂ ಬಿಡದಿರುವುದು ಎಂಬಿವು ಆಟದ ವ್ಯಸನದ ಲಕ್ಷಣಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಹಿತಮಿತ ಬಳಕೆಗೆಂದೇ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಆದರೆ ಮನೆಮನೆಗಳಲ್ಲಿ ನಾವು ಎಣಿಸುವುದು ಪರದೆಯ ಮುಂದಿನ ಗಂಟೆಗಳನ್ನು. ಇರುಳೆಲ್ಲ ಬುರುಜು ಕಾದಾಡುತ್ತಿರಲು ಒಡೆಯನು ನಿದ್ರಿಸುತ್ತಿದ್ದರೆ, ಆ ಎಂಟು ಗಂಟೆ ಯಾರ ಲೆಕ್ಕಕ್ಕೆ ಸೇರಬೇಕು? ಮೊಬೈಲು ಮುಚ್ಚಿದ್ದರೂ ಮನಸ್ಸಿನ ಮೂಲೆಯಲ್ಲಿ ಉಳಿಯುವ ಚಿಂತೆಯನ್ನು ಯಾವ ಗಡಿಯಾರ ಅಳೆಯಬೇಕು?

ಕೊನೆಯಿಲ್ಲದಿರುವುದು ಗುಣವೋ ದೋಷವೋ ಎಂಬುದು ಎರಡನೆಯದು. 2017ರಲ್ಲಿ ಫ್ರ್ಯಾಂಕ್ ಲ್ಯಾಂಟ್ಜ್ ರಚಿಸಿದ ‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ ಇದೇ ಜಾತಿಯ ಆಟವಾದರೂ ಮುಕ್ತಾಯವುಳ್ಳದ್ದು. ಗುಂಡುಸೂಜಿಯಷ್ಟು ಸಣ್ಣ ವಸ್ತುವಿನ ತಯಾರಿಕೆ ಜಗತ್ತನ್ನೆಲ್ಲ ನುಂಗಿದ ಮೇಲೆ ಅದು ನಿಲ್ಲುತ್ತದೆ, ನಿಂತುದರಿಂದಲೇ ಅದಕ್ಕೊಂದು ಅರ್ಥ ಮೂಡುತ್ತದೆ. ಬೇಸಾಯಕ್ಕೂ ಸುಗ್ಗಿಯೆಂಬುದೊಂದಿದೆ. ಸುಗ್ಗಿಯೇ ಇಲ್ಲದ ಕಾವಲನ್ನು ಪಾಲನೆಯೆಂದು ಕರೆಯಬಹುದೆ ಎಂಬಲ್ಲಿ ನನ್ನ ಸ್ವಂತ ವಾದವೂ ತಡವರಿಸುತ್ತದೆ.

ಮೂರನೆಯದು ಎಲ್ಲೆಯದು. ಬಲವರ್ಧನೆಯ ಆಯ್ಕೆಗಳನ್ನೂ ಯಂತ್ರಕ್ಕೇ ವಹಿಸುವ ಅನುಕೂಲ ಇಂಥ ಆಟಗಳಲ್ಲಿ ಒಂದೊಂದಾಗಿ ಸೇರುತ್ತಿದೆ. ಬೆರಳಿನ ಕೆಲಸ ಹೋದರೂ ವಿವೇಚನೆ ಉಳಿಯಿತೆಂದು ಲಕ್ಷಣಕಾರರಿಗೆ ನಾನು ಕೊಟ್ಟ ಉತ್ತರ, ವಿವೇಚನೆಯೂ ಹೋದಂದು ನಿಲ್ಲಲಾರದು. ಬೊಂಬೆಯನ್ನು ನಿಲ್ಲಿಸುವವನೂ ಅದರ ಅಂಗಿ ಬದಲಿಸುವವನೂ ಇನ್ನೊಂದು ಬೊಂಬೆಯೇ ಆದ ಹೊಲದಲ್ಲಿ, ಕಾಯುತ್ತಿರುವವರು ಯಾರೆಂದು ಮಗಳು ಮತ್ತೊಮ್ಮೆ ಕೇಳಿದರೆ ಹೇಳುವುದಕ್ಕೆ ನನ್ನಲ್ಲಿ ಇಂದಿಗೂ ಮಾತಿಲ್ಲ.